ಕೆನಡಾದ ಬೀಗರ ವಂಶಾವಳಿ ಹುಡುಕಲು ಗ್ರಂಥಾಲಯದ ಯಾವ ಪುಸ್ತಕ ನೋಡಬೇಕು?

ಸೊಸೆ ಕೆನಡಾದವಳು, ಮೊಮ್ಮಗನಿಗೆ ಅವಳ ಕಡೆಯ ವಂಶಾವಳಿ ಬರೆದುಕೊಡಬೇಕು, ಎಲ್ಲವೂ ಇರುವ ಪುಸ್ತಕ ಯಾವುದು ಎಂದು ಕೇಳಿದ್ದೀರಿ. ಅಂಥದ್ದು ಇಲ್ಲ. ಹೆಳವರು ಮನೆ ಬಾಗಿಲಿಗೆ ಬಂದು ತಲೆಮಾರುಗಳ ಹೆಸರನ್ನು ಒಪ್ಪಿಸುವಂತೆ ಒಪ್ಪಿಸುವ ಪುಸ್ತಕವೊಂದು ಸಿಕ್ಕೀತೆಂದು ನಾನೂ ಟೊರಾಂಟೊ ರೆಫರೆನ್ಸ್ ಲೈಬ್ರರಿಯ ಮೆಟ್ಟಿಲು ಹತ್ತಿದ್ದೆ.

ಮಗಳ ಬಾಣಂತನಕ್ಕೆ ಹೋದವಳು ಚಳಿಗಾಲ ಮುಗಿಯುವವರೆಗೂ ಅಲ್ಲೇ ಉಳಿದಿದ್ದೆ. ಅಳಿಯನದು ಸ್ಕಾಟ್ಲೆಂಡ್ ಮೂಲದ ಮ್ಯಾಕ್‌ಡೊನಾಲ್ಡ್ ಮನೆತನ. ಅವರ ಮನೆಯ ಹಳೆಯ ಬೈಬಲ್ಲಿನ ಒಳರಟ್ಟಿನಲ್ಲಿ ಮುತ್ತಜ್ಜನ ಹುಟ್ಟಿದ ದಿನ, ಮದುವೆ, ಮೂವರು ಮಕ್ಕಳ ಹೆಸರು ಬರೆದಿತ್ತು. ಬಡಗಿ, 1890ರ ದಶಕದಲ್ಲಿ ಟೊರಾಂಟೊದಲ್ಲಿದ್ದರು ಎಂಬುದು ಮನೆಯವರ ನೆನಪು. ಇಷ್ಟನ್ನು ಹಿಡಿದು ಮೈಟ್ಸ್ ಕಂಪನಿಯ ನಗರ ಡೈರೆಕ್ಟರಿ ತೆರೆದೆ. ಟೆಲಿಫೋನ್ ಪುಸ್ತಕಕ್ಕಿಂತ ಮೊದಲೇ ಇದ್ದ ಬಗೆಯದು ಇದು: ವರ್ಷಕ್ಕೊಂದು ಸಂಪುಟ, ಹೆಸರು, ಕಸುಬು, ವಿಳಾಸ. ಅದೇ ಹೆಸರಿನ ಬಡಗಿ ಸಿಕ್ಕಿಯೇಬಿಟ್ಟ. ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಅವನ ಬೆನ್ನು ಹತ್ತಿ, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ್ದೇ ಆದ ಗ್ಲೆನ್‌ಗ್ಯಾರಿ ಕೌಂಟಿಯವರೆಗೂ ಹೋದೆ, ದುಡ್ಡು ಕೊಟ್ಟು ಮರಣ ದಾಖಲೆಯ ಪ್ರತಿ ತರಿಸಿದೆ. ಬೀಗರಿಗೆ ಊಟದ ಮೇಜಿನಲ್ಲಿ ಓದಿಯೂ ಹೇಳಿದೆ.

ಅವನು ಯಾರೋ ಬೇರೆಯವನು.

ಎಡವಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಆ ಡೈರೆಕ್ಟರಿಗಳಲ್ಲಿ ವಿಳಾಸದ ಮುಂದೆ ಒಂದೆರಡು ಪುಟ್ಟ ಅಕ್ಷರಗಳಿರುತ್ತವೆ. ‘ಎಚ್’ ಎಂದಿದ್ದರೆ ಸಂಸಾರ ಹೂಡಿದ ಮನೆ. ‘ಬಿಡಿಎಸ್’ ಎಂದಿದ್ದರೆ ಯಾರದೋ ಮನೆಯಲ್ಲಿ ದುಡ್ಡು ಕೊಟ್ಟು ಉಂಡು ಮಲಗುವವನು. ನನ್ನ ಬಡಗಿಯ ಮುಂದೆ ವರ್ಷ ವರ್ಷವೂ ‘ಬಿಡಿಎಸ್’ ಇತ್ತು. ಹೆಂಡತಿ, ಮೂವರು ಮಕ್ಕಳಿರುವ ಗೃಹಸ್ಥ ವರ್ಷಗಟ್ಟಲೆ ಊಟದ ಮನೆಯಲ್ಲಿ ಏಕೆ ಬಿದ್ದಿರುತ್ತಾನೆ? ಈ ಅಕ್ಷರಗಳ ಅರ್ಥ ಸಂಪುಟದ ಮೊದಲ ಪುಟಗಳಲ್ಲೇ ಅಚ್ಚಾಗಿತ್ತು. ನಾನು ನೇರವಾಗಿ ಹೆಸರಿನ ಪುಟಕ್ಕೆ ಹಾರಿದ್ದೆ. ಅಲ್ಲದೆ ಈ ಮನೆತನದ ಹೆಸರನ್ನು ಒಬ್ಬರು ‘ಮ್ಯಾಕ್’ ಎಂದು, ಇನ್ನೊಬ್ಬರು ‘ಮೆಕ್’ ಎಂದು ಬರೆಯುತ್ತಾರೆ. ನಮ್ಮ ಮುತ್ತಜ್ಜ ‘ಮೆಕ್’ ಎಂದು ಬರೆದವರ ಸಾಲಿನಲ್ಲಿ, ‘ಎಚ್’ ಅಂಟಿಸಿಕೊಂಡು ಕುಳಿತಿದ್ದರು.

ತಪ್ಪು ಬಯಲಾದದ್ದು 1901ರ ಜನಗಣತಿಯಿಂದ. ಆ ಗಣತಿಯಲ್ಲಿ ವಯಸ್ಸಿನ ಜೊತೆ ಹುಟ್ಟಿದ ತಾರೀಕು, ಧರ್ಮ, ವಲಸೆ ಬಂದ ವರ್ಷವನ್ನೂ ಕೇಳಿದ್ದರು. ನನ್ನ ಬಡಗಿ ಕ್ಯಾಥೊಲಿಕ್, ಬೀಗರು ತಲೆತಲಾಂತರದಿಂದ ಪ್ರೆಸ್ಬಿಟೇರಿಯನ್, ಅಂದರೆ ಪ್ರಾಟೆಸ್ಟೆಂಟ್ ಪಂಗಡದವರು. ಹುಟ್ಟಿದ ತಾರೀಕಂತೂ ಬೈಬಲ್ಲಿಗೆ ತಾಳೆಯೇ ಆಗಲಿಲ್ಲ.

ವೆಬ್‌ಸೈಟಿಗೆ ಚಂದಾ ಕಟ್ಟಿದರೆ ಸಾಲದೇ ಎಂದೂ ಕೇಳಿದ್ದೀರಿ. ಈಗಲೇ ಬೇಡ. ಕೆನಡಾದ ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅಂಥ ದತ್ತಾಂಶಗಳನ್ನು ಒಳಗೆ ಕುಳಿತು ಪುಕ್ಕಟೆಯಾಗಿ ನೋಡಬಹುದು. ಜನಗಣತಿಯನ್ನು ರಾಷ್ಟ್ರೀಯ ಪತ್ರಾಗಾರವೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. 92 ವರ್ಷಗಳ ಗೋಪ್ಯತೆ ಮುಗಿದು 1931ರದ್ದೂ 2023ರಲ್ಲಿ ಹೊರಬಂತು. ಚಂದಾ ಕೇಳುವ ಆ ವೆಬ್‌ಸೈಟುಗಳು ‘ಇವರು ನಿಮ್ಮ ಪೂರ್ವಜರಿರಬಹುದು’ ಎಂದು ಸುಳಿವು ಕೊಡುವ ಕೆಲಸವನ್ನು ವಿಪರೀತ ಉತ್ಸಾಹದಿಂದ ಮಾಡುತ್ತವೆ. ಹೊಸಬರು ಒಪ್ಪಿಕೊಳ್ಳುತ್ತಾ ಹೋಗಿ ಪರರ ಅಜ್ಜಂದಿರನ್ನೆಲ್ಲ ಮನೆ ತುಂಬಿಸಿಕೊಳ್ಳುತ್ತಾರೆ. ರೆಫರೆನ್ಸ್ ಪುಸ್ತಕ ಹಾಗೆ ಅವಸರಪಡಿಸುವುದಿಲ್ಲ. ಯಾವ ದಾಖಲೆ ಯಾವಾಗ ಶುರುವಾಯಿತು, ಎಲ್ಲಿದೆ ಎಂದು ಹೇಳಿ ಸುಮ್ಮನಾಗುತ್ತದೆ, ಅಷ್ಟೇ ಬೇಕಾದದ್ದು. ಒಂಟಾರಿಯೊದಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1869ರಲ್ಲಿ. ಅದು ಗೊತ್ತಿಲ್ಲದೆ 1850ರ ಜನನ ಪತ್ರಕ್ಕೆ ಅರ್ಜಿ ಹಾಕಿದರೆ ಏನು ಸಿಕ್ಕೀತು? ಅದಕ್ಕೆ ಚರ್ಚಿನ ಪುಸ್ತಕ, ಭೂದಾಖಲೆಗಳನ್ನೇ ಹುಡುಕಬೇಕು.

ಸೊಸೆಯ ಕಡೆಯವರು ಕ್ವೆಬೆಕ್‌ನ ಫ್ರೆಂಚರಾದರೆ ನಿಮ್ಮ ಅದೃಷ್ಟ. ಪಾದ್ರಿ ಸಿಪ್ರಿಯನ್ ತಾಂಗೆ 1871ರಿಂದ 1890ರವರೆಗೆ ಹೊರತಂದ ಏಳು ಸಂಪುಟಗಳ ವಂಶಕೋಶವಿದೆ. ತಪ್ಪುಗಳಿವೆ, ಮೂಲದೊಂದಿಗೆ ಹೋಲಿಸಿಯೇ ನಂಬಬೇಕು. ಅಲ್ಲಿನ ಚರ್ಚಿನ ದಾಖಲೆಗಳಲ್ಲಿ ಹೆಂಗಸರಿಗೆ ಮದುವೆಯ ನಂತರವೂ ತವರಿನ ಹೆಸರೇ ಇರುವುದರಿಂದ ಅಜ್ಜಿಯರು ಕಳೆದುಹೋಗುವುದಿಲ್ಲ.

ಪ್ರಾಂತ್ಯ ಯಾವುದು, ನಿಮಗೆ ಖಚಿತವಾಗಿ ಗೊತ್ತಿರುವ ಅತಿ ಹಳೆಯ ವರ್ಷ ಯಾವುದು? ಬೀಗರನ್ನು ಕೇಳಿ ಇಲ್ಲಿ ಬರೆಯಿರಿ. ಮೊದಲು ಯಾವ ಸಂಪುಟ ತೆಗೆಯಬೇಕೆಂದು ಹೇಳುತ್ತೇನೆ.