ತರಕಾರಿ ಡಬ್ಬಿಯ ಕೆಳಗೆ ನಿಲ್ಲುವ ನೀರು

ನಿಮ್ಮ ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಡಿಫ್ರಾಸ್ಟ್ ಗುಂಡಿ ಒತ್ತಿದಾಗಲೆಲ್ಲ ತರಕಾರಿ ಡಬ್ಬಿಯ ಕೆಳಗೆ ನೀರು ನಿಂತು ನೆಲಕ್ಕೆ ಹರಿಯುತ್ತಿದೆ ಎಂದಿದ್ದೀರಿ. ಗುಂಡಿ ಒತ್ತಿದಾಗ ಮಾತ್ರ ಹೀಗಾಗುವುದರಿಂದ, ನೀರು ಹೊರಹೋಗುವ ದಾರಿ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಗ್ಯಾಸ್ ಸೋರಿಕೆಯೆಂದು ಗಾಬರಿಯಾಗಬೇಡಿ.

ಫ್ರೀಜರ್‌ನಲ್ಲಿ ಕರಗಿದ ಮಂಜು ಅದರ ಕೆಳಗಿನ ಟ್ರೇಗೆ ಇಳಿದು, ಹಿಂಗೋಡೆಯ ಸಣ್ಣ ರಂಧ್ರದ ಮೂಲಕ ಕಂಪ್ರೆಸರ್ ಬಳಿಯ ತಟ್ಟೆಯನ್ನು ಸೇರಿ, ಅಲ್ಲಿಯ ಬಿಸಿಗೆ ಆವಿಯಾಗಬೇಕು. ನಮ್ಮ ಮನೆಯಲ್ಲಿ ಆ ರಂಧ್ರದೊಳಗೆ ಕೊಳೆತ ಕೊತ್ತಂಬರಿ ಎಲೆಯೊಂದು ಕಪ್ಪು ಲೋಳೆಯಾಗಿ ಅಂಟಿಕೊಂಡಿತ್ತು.

ಮೊದಲು ಪ್ಲಗ್ ತೆಗೆದು, ಫ್ರಿಜ್ ಖಾಲಿ ಮಾಡಿ, ಮಂಜು ಪೂರ್ತಿ ಕರಗಲು ಬಿಡಿ. ನಂತರ ಸೂಜಿಯಿಲ್ಲದ ಸಿರಿಂಜ್‌ನಿಂದ ಉಗುರುಬೆಚ್ಚಗಿನ ನೀರನ್ನು ರಂಧ್ರಕ್ಕೆ ನಿಧಾನವಾಗಿ ಹಾಯಿಸಿ, ಹಿಂದಿನ ತಟ್ಟೆಗೆ ನೀರು ಬೀಳುತ್ತಿದೆಯೇ ಎಂದು ನೋಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ದಯವಿಟ್ಟು ಚಾಕುವಿನಿಂದ ಮಂಜು ಕೆರೆಯಲೇಬೇಡಿ, ಏಕೆಂದರೆ ಫ್ರೀಜರ್ ಗೋಡೆಯೊಳಗಿನ ತೆಳು ಕೊಳವೆ ತೂತಾದರೆ ಗ್ಯಾಸೆಲ್ಲ ಹೊರಹೋಗಿ ದುರಸ್ತಿ ದುಬಾರಿಯಾಗುತ್ತದೆ.

ಆ ತಟ್ಟೆಯನ್ನೂ ತೊಳೆಯಿರಿ. ಅದರಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ರಂಧ್ರ ಸರಿಯಿದ್ದರೂ ನೀರು ಸೋರಿದರೆ ತಟ್ಟೆ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಿ.