ಸೀಟು ಮುಂದೂಡುವುದಾ, ಬಿಟ್ಟು ಮತ್ತೆ ಅರ್ಜಿ ಹಾಕುವುದಾ?

ಪ್ರಶ್ನೆ: ಅಮೆರಿಕದ ಒಂದು ಲಾ ಕಾಲೇಜಿನಲ್ಲಿ ಜೆಡಿಗೆ (ಅಲ್ಲಿ ವಕೀಲರಾಗಲು ಓದುವ ಪದವಿ) ಸೀಟು ಸಿಕ್ಕಿದೆ. ಇದಕ್ಕಿಂತ ದೊಡ್ಡ ಕಾಲೇಜಿನ ಆಸೆ ಇದೆ. ಸೀಟನ್ನು ಒಂದು ವರ್ಷ ಮುಂದೂಡಿ, ಅಷ್ಟರಲ್ಲಿ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಮತ್ತೆ ಬರೆದು ಬೇರೆ ಕಡೆ ಅರ್ಜಿ ಹಾಕಬಹುದಾ? ಯಾರಿಗೂ ಗೊತ್ತಾಗಲ್ಲ ಅಂತ ಕನ್ಸಲ್ಟೆಂಟ್ ಹೇಳಿದ್ದಾರೆ.

ಉತ್ತರ: ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ನನ್ನ ಸಿಟ್ಟು ನಿಮ್ಮ ಮೇಲಲ್ಲ, ಇಂಥ ಸಲಹೆ ಕೊಟ್ಟು ದುಡ್ಡು ಪಡೆಯುವವರ ಮೇಲೆ.

ಮುಂದೂಡುವುದೆಂದರೆ ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗಲ್ಲ. ಎಷ್ಟೋ ಕಾಲೇಜುಗಳು ಮೊದಲು ಠೇವಣಿ ಕಟ್ಟಿಸಿಕೊಂಡು, ಬೇರೆಲ್ಲೂ ಅರ್ಜಿ ಹಾಕುವುದಿಲ್ಲ ಅಂತ ಬರೆಸಿಕೊಳ್ಳುತ್ತವೆ. ಆ ಮಾತು ಮುರಿದರೆ ಕೈಲಿರುವ ಸೀಟೂ ಹೋಗಬಹುದು. ಅರ್ಜಿಗಳು ಹೋಗುವುದು ಎಲ್‌ಎಸ್‌ಎಸಿ ಎಂಬ ಒಂದೇ ಸಂಸ್ಥೆಯ ಮೂಲಕ. ಗೊತ್ತಾಗಲ್ಲ ಅನ್ನುವುದು ಸುಮ್ನೆ ಮಾತು. ಓದು ಮುಗಿದ ಮೇಲೆ ವಕೀಲಿಕೆಗೆ ಪರವಾನಗಿ ಕೊಡುವ ಮುಂಚೆ ನಿಮ್ಮ ನಡತೆಯನ್ನೂ ನೋಡುತ್ತಾರೆ. ಸುಳ್ಳು ಹೇಳಿ ಕಾನೂನು ಓದಲು ಹೋಗಬೇಡಿ.

ಇದೇ ಕಾಲೇಜಿಗೆ ಹೋಗುತ್ತೇನೆ, ಆದರೆ ಈ ವರ್ಷ ಆಗುವುದಿಲ್ಲ ಅನ್ನುವವರಿಗೆ ಮುಂದೂಡಿಕೆ ಸರಿ. ಕಾಯಿಲೆ, ಮನೆಯ ಜವಾಬ್ದಾರಿ, ಮತ್ತೆ ಸಿಗದಂಥ ಕೆಲಸ, ಹೀಗೆ ಕಾರಣ ನಿಜವಾಗಿರಬೇಕು. ಸ್ಕಾಲರ್‌ಶಿಪ್ ತಾನಾಗಿ ಮುಂದಿನ ವರ್ಷಕ್ಕೆ ಬರುತ್ತದೆ ಅಂದುಕೊಳ್ಳಬೇಡಿ. ಇ-ಮೇಲ್‌ನಲ್ಲೇ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಾನಂತೂ ನಂಬುವುದಿಲ್ಲ.

ಈ ಕಾಲೇಜು ಬೇಡವೇ ಬೇಡ ಅನ್ನಿಸಿದರೆ ಸೀಟು ಬಿಟ್ಟು ಮತ್ತೆ ಅರ್ಜಿ ಹಾಕಿ. ಆದರೆ ಈ ಸಲಕ್ಕಿಂತ ಏನಾದರೂ ಬದಲಾಗಬೇಕು, ಅಲ್ವಾ? ಎಲ್‌ಸ್ಯಾಟ್ ಅಂಕ 120ರಿಂದ 180ರವರೆಗೆ. ಮಾದರಿ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಈಗಿರುವುದಕ್ಕಿಂತ ಐದಾರು ಅಂಕ ಜಾಸ್ತಿ ಬರುತ್ತಿದ್ದರೆ ಧೈರ್ಯ ಮಾಡಬಹುದು. 2024ರ ಆಗಸ್ಟ್‌ನಿಂದ ಪರೀಕ್ಷೆಯಲ್ಲಿ ಲಾಜಿಕ್ ಗೇಮ್ಸ್ (ಒಗಟಿನಂಥ ತರ್ಕದ ಪ್ರಶ್ನೆಗಳು) ಇಲ್ಲ. ಅದಕ್ಕೂ ಮುಂಚೆ ಬರೆದು, ಅದರಲ್ಲೇ ಎಡವಿದ್ದವರು ಮತ್ತೆ ಬರೆಯಲೇಬೇಕು. ಹೋದ ಸಲ ಫೆಬ್ರವರಿಯಲ್ಲಿ ಅರ್ಜಿ ಹಾಕಿದ್ದೀರಾ? ಈ ಸಲ ಅಕ್ಟೋಬರ್‌ನಲ್ಲೇ ಹಾಕಿ. ಬಹಳಷ್ಟು ಕಾಲೇಜುಗಳು ಅರ್ಜಿ ಬಂದ ಹಾಗೆಯೇ ಸೀಟು ಕೊಡುತ್ತಾ ಹೋಗುತ್ತವೆ. ತಡ ಮಾಡಿದವರಿಗೆ ಸೀಟೂ ಕಡಿಮೆ, ಸ್ಕಾಲರ್‌ಶಿಪ್ ದುಡ್ಡೂ ಕಡಿಮೆ. ಇವೆರಡೂ ಬದಲಾಗದಿದ್ದರೆ ನಾನಾಗಿದ್ದರೆ ಕೈಲಿರುವ ಸೀಟು ಬಿಡುತ್ತಿರಲಿಲ್ಲ.

ಅಮೆರಿಕ ಸರ್ಕಾರದ ಸಾಲ ಸಿಗುವವರು ಇನ್ನೊಂದು ಲೆಕ್ಕ ಹಾಕಬೇಕು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಓದಿನ ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಸಾಲ ಇಲ್ಲ. ಕಾನೂನು ಓದುವವರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಸ್ಕಾಲರ್‌ಶಿಪ್ ಬಿಟ್ಟುಕೊಡುವ ಮುಂಚೆ ಉಳಿದ ಖರ್ಚಿಗೆ ದುಡ್ಡು ಎಲ್ಲಿಂದ ಅಂತ ಕಾಗದದ ಮೇಲೆ ಬರೆದು ನೋಡಿ.

ಪ್ರಶ್ನೆ: ಅದೇ ಕಾಲೇಜಿಗೆ ಅರ್ಜಿಯ ಜೊತೆ ಕೊಟ್ಟಿದ್ದ ಹಳೆಯ ಪ್ರಬಂಧವನ್ನೇ ಮತ್ತೆ ಕಳಿಸಬಹುದಾ?

ಉತ್ತರ: ಬೇಡ. ಹಳೆಯ ಅರ್ಜಿಯನ್ನು ಅವರು ತೆಗೆದು ನೋಡಬಹುದು.

ಪ್ರಶ್ನೆ: ಎಲ್‌ಸ್ಯಾಟ್ ಎಷ್ಟು ಸಲ ಬೇಕಾದರೂ ಬರೆಯಬಹುದಾ?

ಉತ್ತರ: ಇಲ್ಲ. ಜೀವಮಾನದಲ್ಲಿ 7 ಸಲ ಮಾತ್ರ.

ಪ್ರಶ್ನೆ: ಸೀಟು ಗ್ಯಾರಂಟಿ ಅನ್ನುವ ಏಜೆಂಟರಿಗೆ ಮುಂಗಡ ಕೊಡಬಹುದಾ?

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ.