ಪರ್ಮಿಷನ್ ಕೇಳುವುದನ್ನು ಆಫ್ ಮಾಡಬೇಡಿ ಸಾರ್

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ವಿಂಡೋಸ್, ಯಾವುದಾದರೂ ಪ್ರೋಗ್ರಾಂ ಅದರಲ್ಲಿ ಬದಲಾವಣೆ ಮಾಡಲು ಹೊರಟರೆ ಪದೇ ಪದೇ ಪರ್ಮಿಷನ್ ಕೇಳುತ್ತದೆ, ಹುಡುಗರು ನೋಡದೇ ‘ಯೆಸ್’ ಒತ್ತುತ್ತಾರೆ, ಆಫ್ ಮಾಡಲಾ ಅಂತ ಕೇಳಿದ್ದೀರಿ. ಬೇಡ ಸಾರ್. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೂ ಅಂಥದ್ದೇ ಅಂಗಡಿ. ಒಮ್ಮೆ ಗಿರಾಕಿಯ ಪೆನ್‌ಡ್ರೈವ್‌ನಲ್ಲಿ ‘ಮಾರ್ಕ್ಸ್ ಕಾರ್ಡ್’ ಅಂತಿದ್ದ ಫೈಲ್ ಒತ್ತಿದೆ. ಪರದೆ ಮಬ್ಬಾಯಿತು, ಹಳದಿ ಪಟ್ಟಿ ಬಂತು, ಕೆಳಗೆ, ಮಾಡಿದವರು ಯಾರೋ ಗೊತ್ತಿಲ್ಲ ಅನ್ನುವ ‘ಪಬ್ಲಿಷರ್: ಅನ್‌ನೋನ್’. ಮಾರ್ಕ್ಸ್ ಕಾರ್ಡ್ ತೆರೆಯಲು ಪರ್ಮಿಷನ್ ಯಾಕೆ ಬೇಕು, ಅಲ್ವಾ? ‘ನೋ’ ಒತ್ತಿದೆ.

ಆ ಮಬ್ಬು ಸುಮ್ನೆ ಅಲ್ಲ. ಬೇರೆ ಪ್ರೋಗ್ರಾಂ ನುಗ್ಗಿ ತಾನೇ ‘ಯೆಸ್’ ಒತ್ತದಿರಲಿ ಅಂತ. ಜಾಸ್ತಿ ಕೇಳಿದರೆ ಯಾರೂ ಓದುವುದಿಲ್ಲ ಅನ್ನುವುದು ನಿಜವೇ. 2007ರ ವಿಂಡೋಸ್ ವಿಸ್ತಾವನ್ನು ಜನ ಇದಕ್ಕೇ ಬೈದರು. 2009ರ ವಿಂಡೋಸ್ 7ರಲ್ಲಿ ಕಡಿಮೆ ಮಾಡಿದರು.

ಹುಡುಗರಿಗೆ ಸ್ಟ್ಯಾಂಡರ್ಡ್ ಅಕೌಂಟ್ (ಅಡ್ಮಿನ್ ಅಧಿಕಾರ ಇಲ್ಲದ ಅಕೌಂಟ್) ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಆಗ ಬರೀ ‘ಯೆಸ್’ ಸಾಲದು, ನಿಮ್ಮನ್ನು ಕರೆಯಲೇಬೇಕು.